ನಲವತ್ತು ತಂತಿಯ ಪಟ್ಟಿಯಿಂದ ಏಳು ತಂತಿಯ ಕೇಬಲ್‌ವರೆಗೆ

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಆ ದಿನಗಳಲ್ಲಿ ತೆಗೆದ ವಿಡಿಯೊ, ಫೋಟೊ, ಮನೆ ಕಳೆದುಕೊಂಡವರ ಮಾತು ಎಲ್ಲವನ್ನೂ ನಾವು ಒಂದು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟಿದ್ದೆವು. ಎರಡು ವರ್ಷದ ಮೇಲೆ, ನಾವೇ ಜೋಡಿಸಿದ್ದ ಕಂಪ್ಯೂಟರಿನ ಎಸ್‌ಎಂಪಿಎಸ್, ಅಂದರೆ ಕರೆಂಟ್ ಕೊಡುವ ಡಬ್ಬಿ, ಕೆಟ್ಟಿತು. ಬೇರೆ ಕಂಪನಿಯ ಹೊಸದೊಂದನ್ನು ತಂದೆವು. ಹಳೆಯದರ ಕೇಬಲ್‌ಗಳನ್ನು ಮದರ್‌ಬೋರ್ಡಿನ ಹಿಂದಿನಿಂದ ಬಹಳ ಅಚ್ಚುಕಟ್ಟಾಗಿ ಎಳೆದು ಕಟ್ಟಿದ್ದೆವು. ಅದನ್ನು ಬಿಚ್ಚಲು ಮನಸ್ಸಾಗಲಿಲ್ಲ. "ಕೇಬಲ್ ಹಂಗ ಇರ್ಲಿ ಬಿಡೋ, ಇದರ ತುದಿ ಹೊಸಾದಕ್ಕೂ ಬರೋಬ್ಬರಿ ಕುಂದರತೈತಿ" ಎಂದು ನಮ್ಮಲ್ಲೊಬ್ಬ ಹೇಳಿದ. ತುದಿ ನಿಜಕ್ಕೂ ಕುಳಿತಿತು. ಸ್ವಿಚ್ ಹಾಕಿದೆವು. ಸುಟ್ಟ ವಾಸನೆ ಬಂತು. ಆ ಡಿಸ್ಕ್ ಮತ್ತೆ ತಿರುಗಲಿಲ್ಲ.

ತುದಿ ಕುಳಿತ ಮಾತ್ರಕ್ಕೆ ಕೇಬಲ್ ಸರಿಯಾದದ್ದು ಎಂದಲ್ಲ. ಈ ಪಾಠಕ್ಕೆ ನಾವು ತೆತ್ತ ಬೆಲೆ ದೊಡ್ಡದು. ಆಮೇಲೆ ನಾವು ಕೇಬಲ್‌ಗಳ ಚರಿತ್ರೆಯನ್ನು ಹುಡುಕಿ ಓದಿದೆವು. ಯಾವ ತಂತಿ ಯಾಕೆ ಹಾಗಿದೆ, ಯಾವ ತುದಿ ಯಾಕೆ ಆ ಆಕಾರದಲ್ಲಿದೆ ಎಂಬುದಕ್ಕೆಲ್ಲ ಒಂದೊಂದು ಕಾರಣ ಇದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಹುಡುಗ ಹುಡುಗಿಯರು ಈಗ ಮನೆಯಲ್ಲೇ ಮೊದಲ ಕಂಪ್ಯೂಟರ್ ಜೋಡಿಸಲು ಮುಂದಾಗಿದ್ದಾರೆ. ಅವರಿಗಾಗಿ ಈ ಬರಹ.

ಡಬ್ಬಿ ನಮ್ಮೂರಿಗೆ ಬಂದದ್ದು

ಐಬಿಎಂ ಕಂಪನಿ ಭಾರತ ಬಿಟ್ಟು ಹೋದದ್ದು 1978ರಲ್ಲಿ. ಅದೇ ಕಂಪನಿ ಅಮೆರಿಕದಲ್ಲಿ ತನ್ನ ಮೊದಲ ಪಿಸಿಯನ್ನು 1981ರ ಆಗಸ್ಟ್‌ನಲ್ಲಿ ಮಾರುಕಟ್ಟೆಗೆ ತಂದಿತು. ಅದರ ಒಳಗಿನ ಬಿಡಿಭಾಗಗಳು ಹೆಚ್ಚಾಗಿ ಬೇರೆ ಬೇರೆ ಕಂಪನಿಗಳಿಂದ ಕೊಂಡವು. ಹಾಗಾಗಿ ಅದನ್ನು ನೋಡಿ ಅದರಂಥದ್ದೇ ಪಿಸಿ ಮಾಡುವುದು ಇತರರಿಗೂ ಸಾಧ್ಯವಾಯಿತು. ನಾವು "ಅಸೆಂಬಲ್ಡ್ ಸೆಟ್" ಎನ್ನುವುದರ ಬೇರು ಇರುವುದು ಇಲ್ಲೇ.

1984ರ ನವೆಂಬರ್‌ನಲ್ಲಿ ರಾಜೀವ್ ಗಾಂಧಿ ಸರ್ಕಾರ ಹೊಸ ಕಂಪ್ಯೂಟರ್ ನೀತಿ ತಂದು ಆಮದನ್ನು ಸಡಿಲಿಸಿತು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು. ಆ ಒಪ್ಪಂದದ ಪ್ರಕಾರ ಕಂಪ್ಯೂಟರ್ ಮತ್ತು ಬಿಡಿಭಾಗಗಳ ಮೇಲಿನ ಆಮದು ಸುಂಕ 2005ರ ಹೊತ್ತಿಗೆ ಸೊನ್ನೆಗೆ ಇಳಿಯಬೇಕಿತ್ತು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌ಪಿ ರೋಡ್, ಬಿಡಿಭಾಗಗಳ ದೊಡ್ಡ ಪೇಟೆಯಾಯಿತು. ಮದರ್‌ಬೋರ್ಡ್, ಡಿಸ್ಕ್, ಕ್ಯಾಬಿನೆಟ್ ಬೇರೆ ಬೇರೆಯಾಗಿ ಕೊಂಡು ಜೋಡಿಸಿದರೆ ಕಂಪನಿ ಸೆಟ್ಟಿಗಿಂತ ಕಡಿಮೆ ಖರ್ಚು. ಮನೆಯಲ್ಲೋ ಸಣ್ಣ ಅಂಗಡಿಯಲ್ಲೋ ಕಂಪ್ಯೂಟರ್ ಇಡಬೇಕೆಂದವರಿಗೆ ಅದೇ ದಾರಿ.

ಆದರೆ ನಮ್ಮ ತಾಲೂಕುಗಳ ಬಹುಪಾಲು ರೈತರು ಕಂಪ್ಯೂಟರನ್ನು ಹತ್ತಿರದಿಂದ ಕಂಡದ್ದು ತಹಶೀಲ್ದಾರ್ ಕಚೇರಿಯಲ್ಲಿ. 2000ದ ಆಸುಪಾಸಿನಲ್ಲಿ ರಾಜ್ಯ ಸರ್ಕಾರ "ಭೂಮಿ" ಯೋಜನೆಯಡಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಇಡೀ ರಾಜ್ಯದಲ್ಲಿ ಸುಮಾರು 2 ಕೋಟಿ ದಾಖಲೆ, ಸುಮಾರು 67 ಲಕ್ಷ ರೈತರದ್ದು. ಕೈಬರಹದ ಉತಾರ ಹೋಗಿ, 15 ರೂಪಾಯಿ ಕೊಟ್ಟರೆ ಅಚ್ಚಾದ ಉತಾರ ಕೈಗೆ ಬಂತು. ಕಿತ್ತೂರು ಆಗ ಬೈಲಹೊಂಗಲ ತಾಲೂಕಿನಲ್ಲೇ ಇತ್ತು. ಅಲ್ಲಿಯವರು ಉತಾರಕ್ಕೆ ಬೈಲಹೊಂಗಲದ ಸಾಲಿನಲ್ಲೇ ನಿಲ್ಲಬೇಕಾಗಿತ್ತು. ಹೊಲದ ಹಕ್ಕು ಕಾಗದದ ಕಟ್ಟಿನಿಂದ ಡಿಸ್ಕ್‌ನೊಳಗೆ ಹೋದ ಕಾಲ ಅದು. ಡಿಸ್ಕ್ ಮತ್ತು ಮದರ್‌ಬೋರ್ಡಿನ ನಡುವೆ ಇದ್ದದ್ದು ಒಂದು ಪಟ್ಟಿ ಕೇಬಲ್.

ಅದೇ ಹೊತ್ತಿಗೆ ಕನ್ನಡವೂ ಕಂಪ್ಯೂಟರಿನಲ್ಲಿ ಸುಲಭವಾಗಿತ್ತು. ಶೇಷಾದ್ರಿವಾಸು ಅವರ "ಬರಹ" 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ "ನುಡಿ" ಅದರ ಬೆನ್ನಿಗೇ ಬಂತು. ಊರೂರಲ್ಲಿ ಡಿಟಿಪಿ ಅಂಗಡಿಗಳು ಎದ್ದವು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸೊಸೈಟಿಯ ವರದಿ ಎಲ್ಲ ಅಲ್ಲೇ. ಆ ಅಂಗಡಿಗಳಲ್ಲಿ ಕ್ಯಾಬಿನೆಟ್ಟಿನ ಒಂದು ಬದಿಯ ಮುಚ್ಚಳ ಸದಾ ತೆಗೆದೇ ಇರುತ್ತಿತ್ತು. ಬೂದು ಬಣ್ಣದ ಅಗಲ ಪಟ್ಟಿ ಹೊರಗೆ ಜೋತಾಡುತ್ತಿತ್ತು. ನಮ್ಮಲ್ಲಿ ಹಲವರು ಕಂಪ್ಯೂಟರಿನ ಹೊಟ್ಟೆಯನ್ನು ಮೊದಲು ನೋಡಿದ್ದು ಹಾಗೆ.

ಅಗಲ ಪಟ್ಟಿಯ ಕಾಲ

1983ರಲ್ಲಿ ಬಂದ ಐಬಿಎಂ ಪಿಸಿ ಎಕ್ಸ್‌ಟಿಯಲ್ಲಿ 10 ಎಂಬಿಯ ಹಾರ್ಡ್ ಡಿಸ್ಕ್ ಇತ್ತು. ಇಂದಿನ ಫೋನಿನಲ್ಲಿ ತೆಗೆದ ಎರಡು ಮೂರು ಫೋಟೊ ಹಾಕಿದರೆ ಅದು ತುಂಬಿಹೋಗುತ್ತದೆ. ಅಂಥ ಡಿಸ್ಕಿಗೂ ಎರಡು ಪಟ್ಟಿ ಕೇಬಲ್ ಬೇಕಿತ್ತು. ಆಜ್ಞೆ ಹೋಗಲು 34 ತಂತಿಯದೊಂದು, ಮಾಹಿತಿ ಬರಲು 20 ತಂತಿಯದೊಂದು.

ಫ್ಲಾಪಿಯ ಕೇಬಲ್ಲೂ 34 ತಂತಿಯದೇ. ಅದರ ನಡುವೆ 7 ತಂತಿಗಳನ್ನು ಸೀಳಿ ತಿರುಚಿರುತ್ತಿದ್ದರು. ನೋಡಿದವರಿಗೆ ಅದು ಕಾರ್ಖಾನೆಯ ತಪ್ಪಿನಂತೆ ಕಾಣುತ್ತಿತ್ತು. ಆದರೆ ಆ ತಿರುವಿನ ಆಚೆ ಇದ್ದ ಫ್ಲಾಪಿ ಡ್ರೈವ್ "ಎ", ಈಚೆ ಇದ್ದದ್ದು "ಬಿ". ಎರಡೂ ಡ್ರೈವ್‌ಗಳನ್ನು ಕಾರ್ಖಾನೆಯಿಂದ ಒಂದೇ ರೀತಿ ಕಳಿಸಿ, ಯಾವುದು ಯಾವುದೆಂದು ಕೇಬಲ್ಲಿನಿಂದಲೇ ಗೊತ್ತಾಗುವಂತೆ ಐಬಿಎಂ ಮಾಡಿದ್ದ ಉಪಾಯ ಅದು. ಇಂದಿಗೂ ನಮ್ಮ ಕಂಪ್ಯೂಟರಿನಲ್ಲಿ ಡಿಸ್ಕ್ "ಸಿ" ಇಂದ ಆರಂಭವಾಗುವುದು ಯಾಕೆಂದರೆ, ಮೊದಲ ಎರಡು ಅಕ್ಷರ ಫ್ಲಾಪಿಗಳಿಗೆ ಮೀಸಲಾಗಿದ್ದವು.

1980ರ ದಶಕದ ನಡುವೆ ವೆಸ್ಟರ್ನ್ ಡಿಜಿಟಲ್, ಕಾಂಪ್ಯಾಕ್ ಮುಂತಾದ ಕಂಪನಿಗಳು ಸೇರಿ ಡಿಸ್ಕನ್ನು ನಡೆಸುವ ಸರ್ಕೀಟನ್ನು ಡಿಸ್ಕಿನ ಮೈಮೇಲೆಯೇ ಕೂರಿಸಿದವು. ಅದಕ್ಕೆ ಐಡಿಇ ಎಂದು ಹೆಸರು. 1994ರಲ್ಲಿ ಅದು ಎಟಿಎ ಎಂಬ ಹೆಸರಿನಲ್ಲಿ ಅಧಿಕೃತ ಮಾನದಂಡವಾಯಿತು. ಈಗ ಎರಡು ಪಟ್ಟಿಯ ಬದಲು 40 ತಂತಿಯ ಒಂದೇ ಪಟ್ಟಿ ಸಾಕಾಯಿತು. ಒಂದೇ ಪಟ್ಟಿಗೆ ಎರಡು ಡಿಸ್ಕ್. ಒಂದಕ್ಕೆ ಮಾಸ್ಟರ್, ಇನ್ನೊಂದಕ್ಕೆ ಸ್ಲೇವ್ ಎಂದು ಹೆಸರು. ಯಾವುದು ಯಾವುದೆಂದು ಹೇಳಲು ಡಿಸ್ಕಿನ ಹಿಂದೆ ಜೀರಿಗೆ ಗಾತ್ರದ ಜಂಪರ್. ಆ ಜಂಪರ್ ಕೈಜಾರಿ ನೆಲಕ್ಕೆ ಬಿದ್ದರೆ ಅದನ್ನು ಹುಡುಕುವುದೇ ಅರ್ಧ ದಿನದ ಕೆಲಸ.

ಪಟ್ಟಿಯ ಒಂದು ಅಂಚಿಗೆ ಕೆಂಪು ಗೆರೆ ಇರುತ್ತಿತ್ತು. ಅದು ಒಂದನೇ ತಂತಿಯ ಗುರುತು. ತುದಿಯಲ್ಲಿ ಗಾಡಿ ಇಲ್ಲದ ಅಗ್ಗದ ಕೇಬಲ್ಲನ್ನು ತಲೆಕೆಳಗಾಗಿಯೂ ಹಾಕಬಹುದಿತ್ತು. ಹಾಗೆ ಹಾಕಿದರೆ ಡಿಸ್ಕ್ ಕಾಣುತ್ತಲೇ ಇರಲಿಲ್ಲ. "ಕೆಂಪು ಗೆರಿ ಕರೆಂಟ್ ವೈರಿನ ಕಡೆ" ಎಂಬ ಮಾತು ಹಳೆಯ ರಿಪೇರಿಯವರ ಬಾಯಲ್ಲಿ ಇನ್ನೂ ಉಳಿದಿದೆ. ಬಹುತೇಕ ಡಿಸ್ಕ್‌ಗಳಿಗೆ ಅದು ಸರಿಯೂ ಹೌದು.

ಎಂಬತ್ತು ತಂತಿ, ಮಗ್ಗದ ಲೆಕ್ಕ

ಈ ಪಟ್ಟಿಗೆ ಒಂದು ಮಿತಿ ಇತ್ತು. ಉದ್ದ 18 ಅಂಗುಲ ಮೀರಬಾರದು. ಇನ್ನೊಂದು ತೊಂದರೆ, ಪಕ್ಕಪಕ್ಕದ ತಂತಿಗಳು ಸುಮ್ಮನಿರುವುದಿಲ್ಲ. ಒಂದರಲ್ಲಿ ವೇಗವಾಗಿ ಸಂಕೇತ ಓಡಿದರೆ ಅದರ ನೆರಳು ಪಕ್ಕದ ತಂತಿಯ ಮೇಲೆ ಬೀಳುತ್ತದೆ. ವೇಗ ಹೆಚ್ಚಿದಷ್ಟೂ ಈ ಗಲಿಬಿಲಿ ಹೆಚ್ಚು.

ಸೆಕೆಂಡಿಗೆ 66 ಎಂಬಿ ವೇಗದ ಅಲ್ಟ್ರಾ ಡಿಎಂಎ ಬಂದಾಗ ಇದಕ್ಕೊಂದು ಪರಿಹಾರ ಕಂಡುಕೊಂಡರು. ತುದಿಯಲ್ಲಿ ಪಿನ್ನುಗಳು 40 ಹಾಗೇ ಉಳಿದವು, ಆದರೆ ಪಟ್ಟಿಯಲ್ಲಿ ತಂತಿಗಳು 80 ಆದವು. ಹೆಚ್ಚಿಗೆ ಸೇರಿಸಿದ 40 ತಂತಿಗಳು ಮಾಹಿತಿ ಒಯ್ಯುವುದಿಲ್ಲ. ಅವು ಬರೀ ಗ್ರೌಂಡ್. ರಾಮದುರ್ಗದ ನೇಕಾರರಿಗೆ ಇದು ಬೇಗ ತಿಳಿಯುತ್ತದೆ. ಹಾಸಿನ ಎಳೆಗಳು ಒಂದಕ್ಕೊಂದು ತೊಡಕಬಾರದೆಂದು ಪ್ರತಿ ಎಳೆಯನ್ನೂ ಫಣಿಯ ಬೇರೆ ಬೇರೆ ಸಂದಿಯಲ್ಲಿ ಹಾಯಿಸುವುದಿಲ್ಲವೇ? ಹಾಗೆಯೇ ಇಲ್ಲಿ ಎರಡು ಸಂಕೇತದ ತಂತಿಗಳ ನಡುವೆ ಒಂದು ಕಾವಲು ತಂತಿ.

ಈ ಹೊಸ ಕೇಬಲ್ಲಿಗೆ ಬಣ್ಣದ ಗುರುತೂ ಬಂತು. ನೀಲಿ ತುದಿ ಮದರ್‌ಬೋರ್ಡಿಗೆ, ಕಪ್ಪು ತುದಿ ಮಾಸ್ಟರಿಗೆ, ನಡುವಿನ ಬೂದು ಸ್ಲೇವಿಗೆ. ಹಳೆಯ 40 ತಂತಿಯ ಪಟ್ಟಿಯನ್ನು ಹೊಸ ಡಿಸ್ಕಿಗೆ ಹಾಕಿದರೆ ಅದು ಕೆಲಸ ಮಾಡುತ್ತಿತ್ತು, ಆದರೆ ವೇಗ ಇಳಿಯುತ್ತಿತ್ತು. ಎಷ್ಟೋ ಜನ "ಕಂಪ್ಯೂಟರ್ ನಿಧಾನ ಐತಿ" ಎಂದು ರ‍್ಯಾಮ್ ಹಾಕಿಸಿದರು. ಕೆಲವು ಕಡೆ ಬದಲಿಸಬೇಕಾಗಿದ್ದದ್ದು ಕೇಬಲ್ ಮಾತ್ರ.

ಅಲ್ಟ್ರಾ ಡಿಎಂಎ ಜೊತೆಗೆ ಇನ್ನೊಂದು ಒಳ್ಳೆಯ ಪದ್ಧತಿಯೂ ಬಂತು. ಬೈಲಹೊಂಗಲದ ಪೇಟೆಗೆ ಹತ್ತಿ ಕಳಿಸುವಾಗ ಗಾಡಿಗೆ ಏರಿಸುವಲ್ಲಿ ಅಂಡಿಗೆ ಎಣಿಸಿ, ಇಳಿಸುವಲ್ಲೂ ಎಣಿಸಿ ತಾಳೆ ನೋಡುವಂತೆ, ಮಾಹಿತಿಯ ಪ್ರತಿ ಕಂತಿಗೂ ಎರಡು ಕಡೆ ಲೆಕ್ಕ ಹಾಕಿ ತಾಳೆ ನೋಡುವುದು. ಇದನ್ನು ಸಿಆರ್‌ಸಿ ಎನ್ನುತ್ತಾರೆ. ತಾಳೆ ಬೀಳದಿದ್ದರೆ ಆ ಕಂತನ್ನು ಮತ್ತೆ ಕಳಿಸಬೇಕು. ಹೀಗೆ ಎಷ್ಟು ಸಲ ತಪ್ಪಿತು ಎಂಬ ಲೆಕ್ಕವನ್ನು ಡಿಸ್ಕ್ ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಇದರಿಂದ ದುಡ್ಡು ಉಳಿಯುತ್ತದೆ.

ತಂತಿ ಕಡಿಮೆ, ವೇಗ ಹೆಚ್ಚು

ಅಗಲ ಪಟ್ಟಿ ಸೆಕೆಂಡಿಗೆ 133 ಎಂಬಿ ತನಕ ಹೋಗಿ ನಿಂತಿತು. 16 ತಂತಿಗಳಲ್ಲಿ ಒಟ್ಟಿಗೆ ಹೊರಟ ಸಂಕೇತಗಳು ಒಟ್ಟಿಗೇ ತಲುಪಬೇಕು. 16 ಜೋಡೆತ್ತನ್ನು ಒಂದೇ ಸಾಲಿನಲ್ಲಿ ಓಡಿಸಿ, ಎಲ್ಲವೂ ಒಂದೇ ಹೆಜ್ಜೆಗೆ ಗೆರೆ ದಾಟಬೇಕು ಎಂದಂತೆ. ನಿಧಾನಕ್ಕೆ ನಡೆಸಿದರೆ ಆಗುತ್ತದೆ, ಓಡಿಸಿದರೆ ಆಗುವುದಿಲ್ಲ.

2003ರ ಹೊತ್ತಿಗೆ ಬಂದ ಸಾಟಾ ಈ ಸಾಲನ್ನೇ ಬಿಟ್ಟುಬಿಟ್ಟಿತು. ಇದರಲ್ಲಿ ಒಟ್ಟು 7 ಸಂಪರ್ಕ. 3 ಗ್ರೌಂಡ್, ಉಳಿದ 4 ಎರಡು ಜೋಡಿ. ಒಂದು ಜೋಡಿ ಹೋಗಲು, ಒಂದು ಜೋಡಿ ಬರಲು. ಸಂಕೇತಗಳು ಒಂದರ ಹಿಂದೆ ಒಂದು ಹೋಗುತ್ತವೆ. ಜೋಡಿಯ ಎರಡು ತಂತಿಗಳಲ್ಲಿ ಒಂದರದು ಏರಿದಾಗ ಇನ್ನೊಂದರದು ಇಳಿಯುತ್ತದೆ. ಹೊರಗಿನ ಗದ್ದಲ ಎರಡರ ಮೇಲೂ ಒಂದೇ ರೀತಿ ಬೀಳುವುದರಿಂದ, ಎರಡರ ವ್ಯತ್ಯಾಸ ನೋಡಿದರೆ ಗದ್ದಲ ಕಳೆದುಹೋಗಿ ಸಂಕೇತ ಮಾತ್ರ ಉಳಿಯುತ್ತದೆ. ಹಾಗಾಗಿ 7 ತಂತಿ 80 ತಂತಿಯನ್ನು ಸೋಲಿಸಿತು. ಮೊದಲ ಸಾಟಾದ ವೇಗ ಸೆಕೆಂಡಿಗೆ 150 ಎಂಬಿ, ಆಮೇಲೆ 300, 2009ರ ಮೂರನೇ ಆವೃತ್ತಿಯಲ್ಲಿ 600.

ಕೇಬಲ್ 1 ಮೀಟರ್ ತನಕ ಉದ್ದ ಇರಬಹುದು. ಒಂದು ಡಿಸ್ಕಿಗೆ ಒಂದು ಕೇಬಲ್. ಮಾಸ್ಟರ್, ಸ್ಲೇವ್, ಜಂಪರ್ ಎಲ್ಲ ಹೋದವು. ತುದಿ ಇಂಗ್ಲಿಷಿನ "ಎಲ್" ಆಕಾರದಲ್ಲಿರುವುದರಿಂದ ತಲೆಕೆಳಗಾಗಿ ಹಾಕಲು ಬರುವುದಿಲ್ಲ. ಪಟ್ಟಿ ಹೋದ ಮೇಲೆ ಕ್ಯಾಬಿನೆಟ್ಟಿನಲ್ಲಿ ಗಾಳಿ ಆಡಲು ಜಾಗವಾಯಿತು. ನಮ್ಮ ಎರೆಹೊಲದ ಧೂಳಿನ ಸೀಮೆಯಲ್ಲಿ ಇದು ಸಣ್ಣ ಲಾಭವಲ್ಲ. ಅಚ್ಚುಕಟ್ಟು ಎನ್ನುವುದು ಬರೀ ಚಂದಕ್ಕಲ್ಲ. ಒಳಗೆ ಗಾಳಿ ಆಡಿದರೆ ಬಿಸಿ ಕಡಿಮೆ, ಧೂಳು ಒರೆಸುವುದೂ ಸುಲಭ, ಯಾವ ತಂತಿ ಎಲ್ಲಿಗೆ ಹೋಗಿದೆ ಎಂಬುದೂ ಕಣ್ಣಿಗೆ ಕಾಣುತ್ತದೆ.

ಅದರ ಮುಂದಿನ ಹೆಜ್ಜೆಯಲ್ಲಿ ಕೇಬಲ್ಲೇ ಇಲ್ಲ. 2011ರಲ್ಲಿ ಎನ್‌ವಿಎಂಇ ಎಂಬ ಮಾನದಂಡ ಬಂತು. ಆಮೇಲೆ ಬಂದ ಎಂ.2 ಎಂಬ ಗಾಡಿಯಲ್ಲಿ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಪುಟ್ಟ ಎಸ್‌ಎಸ್‌ಡಿಯನ್ನು ಮದರ್‌ಬೋರ್ಡಿಗೇ ಕೂರಿಸಿ ಒಂದು ಸ್ಕ್ರೂ ಬಿಗಿದರೆ ಮುಗಿಯಿತು.

ಈಗ ಕೊಳ್ಳುವವರಿಗೆ

ಈ ಚರಿತ್ರೆಯಿಂದ ನಾವು ಕಲಿತದ್ದನ್ನು ಹೀಗೆ ಹೇಳಬಹುದು.

ಮೊದಲು ಡಿಸ್ಕ್ ಎಣಿಸಿ. ವಿಂಡೋಸ್ ಅಥವಾ ಲಿನಕ್ಸ್ ಹಾಕಲು ಎಂ.2 ಎಸ್‌ಎಸ್‌ಡಿ ತೆಗೆದುಕೊಂಡರೆ ಅದಕ್ಕೆ ಕೇಬಲ್ ಬೇಡ. ಫೋಟೊ, ವಿಡಿಯೊ ಇಡಲು ಒಂದು ಹಾರ್ಡ್ ಡಿಸ್ಕ್ ಬೇಕಾದರೆ ಒಂದು ಸಾಟಾ ಕೇಬಲ್ ಸಾಕು. ಆದರೆ ಮದರ್‌ಬೋರ್ಡಿನ ಪುಸ್ತಿಕೆ ಓದಿ. ಕೆಲವು ಬೋರ್ಡುಗಳಲ್ಲಿ ಎಂ.2 ಗಾಡಿ ತುಂಬಿದರೆ ಒಂದೆರಡು ಸಾಟಾ ಜಾಗ ಕೆಲಸ ನಿಲ್ಲಿಸುತ್ತವೆ. ಅದು ಗೊತ್ತಿಲ್ಲದೆ ಒಳ್ಳೆಯ ಕೇಬಲ್ಲನ್ನು ಬೈದು ಬಿಸಾಡಿದವರಿದ್ದಾರೆ.

ಉದ್ದವನ್ನು ದಾರದಿಂದ ಅಳೆಯಿರಿ. ಡಿಸ್ಕ್ ಕೂರುವಲ್ಲಿಂದ ಮದರ್‌ಬೋರ್ಡಿನ ಹಿಂಬದಿ ಸುತ್ತಿ ಸಾಟಾ ಜಾಗದವರೆಗೆ ದಾರ ಎಳೆದು, ನಾಲ್ಕು ಬೆರಳು ಹೆಚ್ಚು ಬಿಡಿ. ಸಣ್ಣ ಕ್ಯಾಬಿನೆಟ್ಟಿಗೆ ಅರ್ಧ ಮೀಟರಿನದು ಸಾಮಾನ್ಯವಾಗಿ ಸಾಕಾಗುತ್ತದೆ. 1 ಮೀಟರ್ ತಂದು ಸುರುಳಿ ಸುತ್ತಿಡುವುದರಲ್ಲಿ ಲಾಭವಿಲ್ಲ. ಎಳೆದು ಬಿಗಿಯಾಗುವಷ್ಟು ಗಿಡ್ಡವೂ ಬೇಡ.

ತುದಿ ನೋಡಿ. ಲೋಹದ ಕೊಂಡಿ ಇರುವ ಕೇಬಲ್ಲನ್ನೇ ಕೇಳಿ. ಅದು ಫ್ಯಾನಿನ ಅದುರಿಗೆ ಸಡಿಲವಾಗುವುದಿಲ್ಲ. ಬದಿಯ ಮುಚ್ಚಳ ಹತ್ತಿರ ಇದ್ದರೆ ಒಂದು ತುದಿ ಮಡಚಿದಂತಿರುವ ಕೇಬಲ್ ಒಳ್ಳೆಯದು. ನೇರ ತುದಿಯದನ್ನು ತಂದು ಮುಚ್ಚಳದಿಂದ ಒತ್ತಿ ಮಡಿಸಬೇಡಿ. ಒಳಗಿನ ಜೋಡಿ ತಂತಿಗಳು ತಮ್ಮ ಅಂತರ ಕಾಯ್ದುಕೊಂಡರೆ ಮಾತ್ರ ಕೆಲಸ ನೆಟ್ಟಗೆ.

"6 ಜಿಬಿ ಕೇಬಲ್" ಎಂದು ಹೆಚ್ಚು ರೊಕ್ಕ ಕೇಳಿದರೆ ಕೊಡುವ ಅಗತ್ಯವಿಲ್ಲ. ಚೆನ್ನಾಗಿ ಮಾಡಿದ ಯಾವುದೇ ಸಾಟಾ ಕೇಬಲ್ ಆ ವೇಗಕ್ಕೆ ಸಾಕು. ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ 300 ಎಂಬಿಯನ್ನೂ ಮುಟ್ಟುವುದು ಕಷ್ಟ.

ಡಿಸ್ಕ್ ಒಮ್ಮೆ ಕಂಡು ಒಮ್ಮೆ ಮಾಯವಾದರೆ, ಕಾಪಿ ಮಾಡುವಾಗ ಕಂಪ್ಯೂಟರ್ ನಿಂತುಬಿಟ್ಟರೆ, "ಡಿಸ್ಕ್ ಹೋಗೇತ್ರಿ, ಹೊಸಾದು ಹಾಕಬೇಕ್ರಿ" ಎಂಬ ಮಾತಿಗೆ ಕೂಡಲೇ ಒಪ್ಪಬೇಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಸಿಆರ್‌ಸಿ ತಪ್ಪಿನ ಸಂಖ್ಯೆ ನೋಡಿ. ಮೇಲೆ ಹೇಳಿದ ಅಂಡಿಗೆಯ ತಾಳೆಪಟ್ಟಿ ಅದೇ. ಆ ಒಂದು ಸಂಖ್ಯೆ ಏರುತ್ತಿದ್ದರೆ ದೋಷ ಹೆಚ್ಚಾಗಿ ಕೇಬಲ್ಲಿನದು ಅಥವಾ ಸಡಿಲ ತುದಿಯದು. ಕೇಬಲ್ ಬದಲಿಸಿದ ಮೇಲೆ ಹಳೆಯ ಸಂಖ್ಯೆ ಅಳಿಯುವುದಿಲ್ಲ, ಆದರೆ ಏರುವುದು ನಿಲ್ಲಬೇಕು. ಒಂದು ಊಟದ ಬೆಲೆಯ ಕೇಬಲ್ ಸಾವಿರಾರು ರೂಪಾಯಿಯ ಡಿಸ್ಕನ್ನು ಉಳಿಸುತ್ತದೆ.

ಇನ್ನು ಕರೆಂಟಿನ ಕೇಬಲ್. ಮಾಹಿತಿಯ ಕೇಬಲ್ ತಪ್ಪಾದರೆ ಸಾಮಾನ್ಯವಾಗಿ ಡಿಸ್ಕ್ ಕಾಣುವುದಿಲ್ಲ, ಅಷ್ಟೇ. ಕರೆಂಟಿನದು ತಪ್ಪಾದರೆ ಡಿಸ್ಕೇ ಸುಡುತ್ತದೆ. ಹಳೆಯ ನಾಲ್ಕು ಪಿನ್ನಿನ ತುದಿಯಲ್ಲಿ ಹಳದಿ ತಂತಿ 12 ವೋಲ್ಟ್, ಕೆಂಪು 5 ವೋಲ್ಟ್, ಎರಡು ಕಪ್ಪು ಗ್ರೌಂಡ್. ಸಾಟಾದ ಕರೆಂಟ್ ತುದಿಯಲ್ಲಿ 15 ಸಂಪರ್ಕ. ಡಿಸ್ಕಿನ ಕಡೆಯ ತುದಿಗೆ ಮಾನದಂಡ ಇದೆ, ಎಲ್ಲ ಕಂಪನಿಯದೂ ಒಂದೇ. ಆದರೆ ಕೇಬಲ್ ಬಿಚ್ಚಿ ತೆಗೆಯಬಹುದಾದ ಎಸ್‌ಎಂಪಿಎಸ್‌ಗಳಲ್ಲಿ, ಡಬ್ಬಿಯ ಕಡೆಯ ತುದಿಗೆ ಯಾವ ಮಾನದಂಡವೂ ಇಲ್ಲ. ಒಂದು ಕಂಪನಿ 12 ವೋಲ್ಟ್ ಇಟ್ಟ ಜಾಗದಲ್ಲಿ ಇನ್ನೊಂದು ಕಂಪನಿ 5 ವೋಲ್ಟ್ ಇಟ್ಟಿರಬಹುದು. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಬೇರೆ ಇರಬಹುದು. ಪ್ಲಾಸ್ಟಿಕ್ಕಿನ ಆಕಾರ ಮಾತ್ರ ಒಂದೇ. ನಾವು ಬಿದ್ದದ್ದು ಈ ಗುಂಡಿಗೆ. ಎಸ್‌ಎಂಪಿಎಸ್ ಬದಲಿಸಿದರೆ ಅದರ ಎಲ್ಲ ಕೇಬಲ್ಲನ್ನೂ ಬದಲಿಸಿ. ಹಳೆಯದನ್ನು ಹಳೆಯ ಡಬ್ಬಿಯ ಜೊತೆಗೇ ಕಟ್ಟಿಡಿ.

ನಾಲ್ಕು ಪಿನ್ನಿನಿಂದ ಸಾಟಾಕ್ಕೆ ಬದಲಿಸುವ ಅಗ್ಗದ ತುಂಡು ಕೇಬಲ್‌ಗಳಲ್ಲಿ ತಂತಿಗಳ ಸುತ್ತ ಪ್ಲಾಸ್ಟಿಕ್ ಎರಕ ಹೊಯ್ದಿರುತ್ತಾರೆ. ಒಳಗೆ ತಂತಿ ತಂತಿ ತಾಗಿ ಹೊತ್ತಿಕೊಂಡ ಉದಾಹರಣೆಗಳಿವೆ. ಎಸ್‌ಎಂಪಿಎಸ್‌ನಲ್ಲೇ ಬೇಕಾದಷ್ಟು ಸಾಟಾ ತುದಿ ಇರುವಂತೆ ನೋಡಿ ಕೊಳ್ಳಿ. ಮನೆಗೆ ಸರಿಯಾದ ಅರ್ಥಿಂಗ್ ಇದೆಯೇ ಎಂಬುದನ್ನೂ ನೋಡಿಸಿ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದು ಇದೇ ಕಾರಣಕ್ಕೆ.

ಎಲ್ಲ ಕೂರಿಸಿ, ಒಮ್ಮೆ ಚಾಲೂ ಮಾಡಿ ಡಿಸ್ಕ್ ಕಂಡ ಮೇಲೆ ಕೇಬಲ್ ಕಟ್ಟಿ. ಮೊದಲೇ ಬಿಗಿದು ಕಟ್ಟಬೇಡಿ. ಬಿಚ್ಚಿ ಮತ್ತೆ ಕಟ್ಟಬಹುದಾದ ಬಟ್ಟೆಯ ಪಟ್ಟಿ ಪ್ಲಾಸ್ಟಿಕ್ ಟ್ಯಾಗಿಗಿಂತ ಮೇಲು. ಬಿಚ್ಚಲು ಬೇಸರವಾಗುವಷ್ಟು ಅಚ್ಚುಕಟ್ಟು ಮಾಡಿದರೆ ಏನಾಗುತ್ತದೆ ಎಂಬುದು ನಮಗೆ ಗೊತ್ತು.

ಕೊನೆಗೊಂದು ಮಾತು. ನಿಮ್ಮೂರಿನ ಹಳೆಯ ಡಿಟಿಪಿ ಅಂಗಡಿ ಅಥವಾ ಫೋಟೊ ಸ್ಟುಡಿಯೊದ ಅಟ್ಟದ ಮೇಲೆ ಅಗಲ ಪಟ್ಟಿಯ ಡಿಸ್ಕ್ ಬಿದ್ದಿರಬಹುದು. ಅದರಲ್ಲಿ ಯಾರದೋ ಮದುವೆ, ಯಾವುದೋ ವರ್ಷದ ಎಲ್ಲಮ್ಮನ ಜಾತ್ರೆ, ಈಗ ಇಲ್ಲದ ಹಿರಿಯರ ಮುಖ ಇರುತ್ತದೆ. ಐಡಿಇಯಿಂದ ಯುಎಸ್‌ಬಿಗೆ ಬದಲಿಸುವ ಸಲಕರಣೆ ಇನ್ನೂ ಸಿಗುತ್ತದೆ. ಡಿಸ್ಕ್ ತಿರುಗುವಷ್ಟು ದಿನ ಅದನ್ನು ಓದಬಹುದು. ಈಗಲೇ ಇಳಿಸಿಕೊಂಡು ಎರಡು ಕಡೆ ಇಟ್ಟುಕೊಳ್ಳಿ.

ನಮ್ಮ ನೆರೆಹಾವಳಿಯ ಡಿಸ್ಕ್ ಕಪಾಟಿನಲ್ಲೇ ಇದೆ. ಆಗ ನಾವು ಫೋನಿನಿಂದ ಕೆಲವರಿಗೆ ಕಳಿಸಿದ್ದ ಹತ್ತಿಪ್ಪತ್ತು ಫೋಟೊ ಮಾತ್ರ ಅವರಿಂದ ಮರಳಿ ಸಿಕ್ಕಿವೆ. ಉಳಿದದ್ದು ಹೊಳೆಯ ಪಾಲಾಗಲಿಲ್ಲ, ನಮ್ಮ ಕೈಯಿಂದಲೇ ಹೋಯಿತು.